ಹರ್ಮನ್ ಎಂಬ ಹೆಸರು ಮತ್ತು ಅದನ್ನು ಹೊತ್ತವರು

ಪ್ರಶ್ನೆ: ಪ್ರತಿ ವರ್ಷ ಜುಲೈ 1ರಂದು ಪತ್ರಿಕಾ ದಿನದ ಲೇಖನಗಳಲ್ಲಿ ಹರ್ಮನ್ ಮೋಗ್ಲಿಂಗ್ ಅವರ ಹೆಸರು ಓದುತ್ತೇನೆ. ಮಲಯಾಳಂ ನಿಘಂಟು ಬರೆದವರು ಹರ್ಮನ್ ಗುಂಡರ್ಟ್, 'ಸಿದ್ಧಾರ್ಥ' ಕಾದಂಬರಿ ಬರೆದವರು ಹರ್ಮನ್ ಹೆಸ್ಸೆ. ಇವರೆಲ್ಲ ಒಂದೇ ಮನೆತನದವರೇ? ಹರ್ಮನ್ ಎಂದರೆ ಅರ್ಥವೇನು? ಈ ಹೆಸರಿನ ಬೇರೆ ಪ್ರಸಿದ್ಧರು ಯಾರು? ಹಿಟ್ಲರನ ಬಲಗೈಯಾಗಿದ್ದ ಗೋರಿಂಗ್‌ನ ಹೆಸರೂ ಇದೇ ಆಗಿರುವುದರಿಂದ ಕೇಳುತ್ತಿದ್ದೇನೆ. ಕನ್ನಡದಲ್ಲಿ ಇದನ್ನು ಹರ್ಮನ್ ಎಂದು ಬರೆಯಬೇಕೇ, ಹೆರ್ಮನ್ ಎಂದೇ?

ಉತ್ತರ: ಮೊದಲಿಗೆ ನಿಮ್ಮ ನೇರ ಪ್ರಶ್ನೆಗೆ ಉತ್ತರಿಸುತ್ತೇನೆ. ಹರ್ಮನ್ ಎಂಬುದು ಮೇಲೆ ಹೇಳಿದ ಮೂವರಿಗೂ ತಂದೆತಾಯಿ ಇಟ್ಟ ಹೆಸರೇ ಹೊರತು ಮನೆತನದ ಹೆಸರಲ್ಲ. ಮೋಗ್ಲಿಂಗ್ ಮತ್ತು ಗುಂಡರ್ಟ್ ರಕ್ತಸಂಬಂಧಿಗಳಲ್ಲ. ಇಬ್ಬರೂ ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದವರು, ಟ್ಯೂಬಿಂಗನ್‌ನಲ್ಲಿ ದೇವಶಾಸ್ತ್ರ ಓದಿದವರು ಮತ್ತು ಜೀವನಪರ್ಯಂತ ಸ್ನೇಹಿತರಾಗಿ ಉಳಿದವರು. ಹೆಸ್ಸೆಯಾದರೋ ಗುಂಡರ್ಟ್ ಅವರ ಮಗಳ ಮಗ. ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವಂತೆ ಅಲ್ಲಿಯೂ ಇಟ್ಟಿದ್ದಾರೆ. ಈ ಮೂವರ ವಿಷಯಕ್ಕೆ ಕೊನೆಯಲ್ಲಿ ಮರಳುತ್ತೇನೆ. ಕನ್ನಡ ಓದುಗರಿಗೆ ಅದೇ ಹೆಚ್ಚು ಹತ್ತಿರದ್ದು, ಅದಕ್ಕೆ ಸ್ವಲ್ಪ ಜಾಗವೂ ಬೇಕು.

ಉಚ್ಚಾರದ ಮಟ್ಟಿಗೆ ಹೆರ್ಮನ್ ಎಂಬುದೇ ಜರ್ಮನ್ ನುಡಿಗೆ ಹತ್ತಿರ. ಎರಡೂ ಸ್ವರಗಳು ಹ್ರಸ್ವ, ಒತ್ತು ಮೊದಲ ಅಕ್ಷರದ ಮೇಲೆ. ಆದರೆ ಕನ್ನಡದಲ್ಲಿ ಹರ್ಮನ್ ಎಂಬ ರೂಪ ಬಹುಕಾಲದಿಂದ ರೂಢಿಯಲ್ಲಿದೆ. ರೂಢಿಗೆ ಬಂದದ್ದನ್ನು ತಿದ್ದಲು ಹೊರಟರೆ ಹಳೆಯ ಪುಸ್ತಕಗಳಲ್ಲಿ ಹೆಸರು ಹುಡುಕುವವರಿಗೆ ತೊಡಕಾಗುತ್ತದೆ ಎಂಬ ಕಾರಣಕ್ಕೆ ನಾನು ಹರ್ಮನ್ ಎಂದೇ ಬರೆಯುತ್ತೇನೆ.

ಈ ಹೆಸರು ಎರಡು ಹಳೆಯ ಜರ್ಮನ್ ಪದಗಳ ಸಮಾಸ. 'ಹೆರಿ' ಎಂದರೆ ಸೇನೆ, 'ಮನ್' ಎಂದರೆ ಆಳು. ಕನ್ನಡದಲ್ಲಿ ಒಂದೇ ಮಾತಿನಲ್ಲಿ ಹೇಳುವುದಾದರೆ ದಂಡಾಳು. ಇಂದಿನ ಜರ್ಮನಿಯ ಭೂಸೇನೆಯನ್ನು 'ಹೇರ್' ಎಂದು ಕರೆಯುವುದೂ ಇದೇ ಮೂಲದಿಂದ. ಫ್ರೆಂಚರ ಅರ್ಮಾಂ, ಇಟಲಿಯವರ ಎರ್ಮಾನ್ನೊ ಇದರ ರೂಪಾಂತರಗಳು, ಮತ್ತು ಹೆಣ್ಣುಮಕ್ಕಳಿಗೆ ಹೆರ್ಮೀನೆ ಎಂಬ ರೂಪವಿದೆ.

ಅರ್ಥ ದಂಡಾಳು ಎಂದಿರುವುದರಿಂದಲೇ ಈ ಹೆಸರಿಗೆ ಒಂದು ಯುದ್ಧದ ಕಥೆ ಅಂಟಿಕೊಂಡಿದೆ. ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅನೇಕ ಪುಸ್ತಕಗಳು ಇದನ್ನು ಇಂದಿಗೂ ತಪ್ಪಾಗಿ ಹೇಳುತ್ತವೆ. ಕ್ರಿ.ಶ. 9ರಲ್ಲಿ ಚೆರುಸ್ಕಿ ಎಂಬ ಜರ್ಮಾನಿಕ್ ಬುಡಕಟ್ಟಿನ ನಾಯಕನೊಬ್ಬನು ಟೊಯ್ಟೊಬುರ್ಗ್ ಕಾಡಿನ ಪ್ರದೇಶದಲ್ಲಿ ವಾರುಸ್ ಎಂಬ ರೋಮನ್ ಸೇನಾಪತಿಯ ಮೂರು ಲೀಜನ್‌ಗಳನ್ನು, ಅಂದರೆ 17, 18 ಮತ್ತು 19ನೆಯ ಪಡೆಗಳನ್ನು, ನಾಶಮಾಡಿದನು. ಆ ನಾಯಕ ರೋಮನ್ ಪೌರತ್ವ ಪಡೆದವನು, ರೋಮನ್ ಸೇನೆಯಲ್ಲಿಯೇ ಯುದ್ಧವಿದ್ಯೆ ಕಲಿತವನು. ವಾರುಸ್ ಅವನನ್ನು ನಂಬಿದ್ದನು. ರೋಮನ್ ಇತಿಹಾಸಕಾರರು ಅವನನ್ನು ಆರ್ಮಿನಿಯುಸ್ ಎಂದು ಕರೆದರು, ಮತ್ತು ಟಾಸಿಟುಸ್ ಅವನನ್ನು ನಿಸ್ಸಂದೇಹವಾಗಿ ಜರ್ಮಾನಿಯಾದ ವಿಮೋಚಕ ಎಂದು ಬಣ್ಣಿಸಿದನು. ಆತನ ಸ್ವಂತ ಭಾಷೆಯ ಹೆಸರು ಯಾವ ದಾಖಲೆಯಲ್ಲಿಯೂ ಉಳಿದಿಲ್ಲ. ಆರ್ಮಿನಿಯುಸ್ ಎಂದರೆ ಹರ್ಮನ್ ಎಂಬ ಸಮೀಕರಣ ಹುಟ್ಟಿದ್ದು ಆ ಯುದ್ಧವಾಗಿ ಸುಮಾರು ಒಂದೂವರೆ ಸಾವಿರ ವರ್ಷಗಳ ನಂತರ, 16ನೆಯ ಶತಮಾನದಲ್ಲಿ. ಟಾಸಿಟುಸನ ಹಸ್ತಪ್ರತಿಗಳು ಮತ್ತೆ ಬೆಳಕಿಗೆ ಬಂದ ಕಾಲವದು. ಪೋಪನ ರೋಮ್‌ನೊಂದಿಗೆ ಜಗಳಕ್ಕೆ ನಿಂತಿದ್ದ ಜರ್ಮನ್ ಸುಧಾರಕರಿಗೆ ಹಿಂದೊಮ್ಮೆ ರೋಮನ್ನು ಸೋಲಿಸಿದ ವೀರನೊಬ್ಬ ಬೇಕಾಗಿದ್ದನು. ಲೂಥರ್ ಮತ್ತು ಅವನ ಸುತ್ತಲಿನವರು ಆ ವೀರನಿಗೆ ಹರ್ಮನ್ ಎಂದು ಹೆಸರಿಟ್ಟರು. ಧ್ವನಿಸಾಮ್ಯವೊಂದನ್ನು ಬಿಟ್ಟರೆ ಇದಕ್ಕೆ ಬೇರೆ ಆಧಾರವಿರಲಿಲ್ಲ, ಭಾಷಾಶಾಸ್ತ್ರಜ್ಞರು ಇಂದು ಇದನ್ನು ಒಪ್ಪುವುದಿಲ್ಲ.

ಆದರೂ ತಪ್ಪು ವ್ಯುತ್ಪತ್ತಿಗೆ ಇರುವ ಬಲವನ್ನು ನೋಡಬೇಕಾದರೆ ಡೆಟ್ಮೊಲ್ಡ್ ಊರಿನ ಬಳಿಯ ಗುಡ್ಡ ಹತ್ತಬೇಕು. ಅಲ್ಲಿ ಶಿಲ್ಪಿ ಎರ್ನ್ಸ್ಟ್ ಫಾನ್ ಬಾಂಡೆಲ್ 1838ರಲ್ಲಿ ಆರಂಭಿಸಿ 1875ರಲ್ಲಿ ಮುಗಿಸಿದ ತಾಮ್ರದ ತಗಡಿನ ಹರ್ಮನ್ ಪ್ರತಿಮೆ ನಿಂತಿದೆ. ಪೀಠವೂ ಸೇರಿದಂತೆ ಎತ್ತರ 53 ಮೀಟರ್‌ಗಿಂತ ಹೆಚ್ಚು. ಮೇಲೆತ್ತಿದ ಕತ್ತಿಯೇ 7 ಮೀಟರ್ ಉದ್ದವಿದೆ, ಅದರ ಮೇಲೆ ಜರ್ಮನ್ ಐಕ್ಯವೇ ನನ್ನ ಶಕ್ತಿ, ನನ್ನ ಶಕ್ತಿಯೇ ಜರ್ಮನಿಯ ಬಲ ಎಂಬರ್ಥದ ಮಾತು ಕೆತ್ತಿದೆ. ಮೂರ್ತಿ ನೋಡುವುದು ದಕ್ಷಿಣದ ರೋಮ್ ಕಡೆಗಲ್ಲ, ಪಶ್ಚಿಮದ ಫ್ರಾನ್ಸ್ ಕಡೆಗೆ. ಇದು ಎರಡು ಸಾವಿರ ವರ್ಷ ಹಿಂದಿನ ಯುದ್ಧದ ಸ್ಮಾರಕವೆನ್ನುವುದಕ್ಕಿಂತ 19ನೆಯ ಶತಮಾನದ ರಾಷ್ಟ್ರಾಭಿಮಾನದ ಸ್ಮಾರಕ ಎನ್ನುವುದು ಸರಿ. ಯುದ್ಧ ನಡೆದ ಜಾಗವೂ ಬಹುಶಃ ಅದಲ್ಲ. 1987ರಲ್ಲಿ ಟೋನಿ ಕ್ಲನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಲೋಹಶೋಧಕ ಹಿಡಿದು ಓಸ್ನಾಬ್ರ್ಯುಕ್ ನಗರದ ಉತ್ತರದ ಕಾಲ್ಕ್ರೀಸೆಯಲ್ಲಿ ಹುಡುಕಿದಾಗ ರೋಮನ್ ನಾಣ್ಯಗಳೂ ಕವಣೆಯಲ್ಲಿ ಬೀಸುವ ಸೀಸದ ಗುಂಡುಗಳೂ ಸಿಕ್ಕವು. ಆ ಸ್ಥಳದ ಕೆಲವು ನಾಣ್ಯಗಳ ಮೇಲೆ ವಾರುಸನ ಹೆಸರಿನ ಮೊದಲ ಮೂರು ಅಕ್ಷರಗಳ ಮುದ್ರೆಯಿದೆ. ಸೈನಿಕರಿಗೆ ಹಂಚುವ ಮುನ್ನ ಸೇನಾಪತಿಯ ಪರವಾಗಿ ಒತ್ತಿದ ಮುದ್ರೆ ಅದು. ಹೀಗಾಗಿ ಪ್ರತಿಮೆ ಒಂದು ಕಡೆ, ನೆಲದೊಳಗಿನ ಸಾಕ್ಷ್ಯ ಹಲವು ಹತ್ತು ಕಿಲೋಮೀಟರ್ ಆಚೆ.

ನಿಮ್ಮ ಮನಸ್ಸಿನಲ್ಲಿರುವ ಗೋರಿಂಗ್ ವಿಷಯವನ್ನು ಇಲ್ಲಿಯೇ ಹೇಳಿಬಿಡುವುದು ಉಚಿತ. ಹರ್ಮನ್ ಗೋರಿಂಗ್ ಹುಟ್ಟಿದ್ದು 1893ರಲ್ಲಿ. ಆತನಿಗೆ ಆ ಹೆಸರು ಬಂದದ್ದು ಜ್ಞಾನಪಿತನಾಗಿದ್ದ, ಅಂದರೆ ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊತ್ತಿದ್ದ, ಹರ್ಮನ್ ಎಪೆನ್‌ಸ್ಟೈನ್ ಎಂಬ ವೈದ್ಯನಿಂದ, ಮತ್ತು ಎಪೆನ್‌ಸ್ಟೈನ್ ಯಹೂದಿ ಮೂಲದವನು. ಯಹೂದಿಗಳ ನಿರ್ಮೂಲನಕ್ಕೆ ಆಜ್ಞೆಗಳನ್ನು ಸಹಿಮಾಡಿದ ಮನುಷ್ಯ ತನ್ನ ಹೆಸರನ್ನು ಪಡೆದದ್ದು ಯಾರಿಂದ ಎಂಬುದನ್ನು ನೆನೆದರೆ ಇಂದಿಗೂ ನನ್ನ ಮೈ ಜುಮ್ಮೆನ್ನುತ್ತದೆ. ನ್ಯೂರೆಂಬರ್ಗ್ ನ್ಯಾಯಾಲಯ ಮರಣದಂಡನೆ ವಿಧಿಸಿದ ಬಳಿಕ ಅವನು 1946ರ ಅಕ್ಟೋಬರ್ 15ರ ರಾತ್ರಿ ವಿಷ ಸೇವಿಸಿ ಸತ್ತನು. ಅದೇ ವರ್ಷದ ಸಾಹಿತ್ಯದ ನೊಬೆಲ್ ಪ್ರಶಸ್ತಿ ಹರ್ಮನ್ ಹೆಸ್ಸೆಗೆ ಸಂದಿತು. ಒಬ್ಬ ಹರ್ಮನ್‌ನಿಂದ ಹೆಸರಿಗೆ ಬಂದ ಕಳಂಕವನ್ನು ಇನ್ನೊಬ್ಬ ತೊಳೆದ ಎಂದು ನಾನು ಹೇಳಲಾರೆ, ಹೆಸರುಗಳ ಲೆಕ್ಕ ಹಾಗೆ ಚುಕ್ತಾ ಆಗುವುದಿಲ್ಲ. ಆದರೆ ಈ ಹೆಸರನ್ನು ಗೋರಿಂಗ್‌ಗೆ ಬಿಟ್ಟುಕೊಡುವುದು ಅನ್ಯಾಯ. ಏಕೆಂದರೆ ಇದನ್ನು ಹೊತ್ತವರಲ್ಲಿ ಹೆಚ್ಚಿನವರು ದಂಡಾಳುಗಳಲ್ಲ, ಪುಸ್ತಕದ ಮುಂದೆ ಕುಳಿತು ಆಯುಷ್ಯ ಸವೆಸಿದವರು.

ಅಂಥವರಲ್ಲಿ ನನಗೆ ಅತ್ಯಂತ ಪ್ರಿಯನಾದವನು 11ನೆಯ ಶತಮಾನದ ಒಬ್ಬ ಸಂನ್ಯಾಸಿ. 1013ರ ಜುಲೈ 18ರಂದು ಶ್ವಾಬಿಯಾದ ಕೌಂಟ್ ಮನೆತನದಲ್ಲಿ ಹುಟ್ಟಿದ ಈ ಹರ್ಮನ್‌ನ ಕೈಕಾಲುಗಳು ಬಾಲ್ಯದಿಂದಲೇ ಸೆಟೆದುಕೊಂಡಿದ್ದವು. ತಾನಾಗಿ ಮಗ್ಗುಲು ಹೊರಳಿಸಲೂ ಆಗದವನನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತೊಯ್ಯುತ್ತಿದ್ದರು, ಅವನ ಮಾತು ಕೇಳುವವರಿಗೆ ಪ್ರಯಾಸದಿಂದ ತಿಳಿಯುತ್ತಿತ್ತು ಎಂದು ಶಿಷ್ಯ ಬೆರ್ತೋಲ್ಡ್ ಬರೆದಿಟ್ಟಿದ್ದಾನೆ. ಏಳು ವರ್ಷದವನಿದ್ದಾಗ ವಿದ್ಯೆಗೆ ಒಪ್ಪಿಸಲ್ಪಟ್ಟ ಈತ ಬಾಳಿದ್ದು ಕಾನ್‌ಸ್ಟಾನ್ಸ್ ಸರೋವರದ ರೈಷೆನೌ ದ್ವೀಪದ ಮಠದಲ್ಲಿ. ಅರಬ್ಬರಿಂದ ಯುರೋಪಿಗೆ ಆಗತಾನೆ ಬಂದಿದ್ದ, ಆಕಾಶಕಾಯಗಳ ಎತ್ತರ ಅಳೆದು ಹೊತ್ತು ತಿಳಿಯುವ ನಕ್ಷತ್ರಯಂತ್ರವನ್ನು (ಆಸ್ಟ್ರೋಲೇಬ್) ಹೇಗೆ ಮಾಡಬೇಕೆಂದು ಅಳತೆಗಳ ಸಮೇತ ಬರೆದನು, ಸಂಗೀತದ ಸ್ವರಗಳಿಗೆ ಒಂದು ಬರಹಕ್ರಮ ರೂಪಿಸಿದನು, ಕ್ರಿಸ್ತಜನನದಿಂದ ತನ್ನ ಕಾಲದವರೆಗೆ ವರ್ಷವರ್ಷದ ವೃತ್ತಾಂತವನ್ನು ಲ್ಯಾಟಿನ್‌ನಲ್ಲಿ ರಚಿಸಿದನು. 1054ರಲ್ಲಿ, 41ನೆಯ ವಯಸ್ಸಿನಲ್ಲಿ ತೀರಿಕೊಂಡನು. ತನ್ನಿಂದ ಎತ್ತಲಾಗದ ಯಂತ್ರಕ್ಕೆ ಇತರರ ಕೈಗಳಿಂದ ಮಾಡಿಸುವಷ್ಟು ಸ್ಪಷ್ಟ ಸೂಚನೆಗಳನ್ನು ಬರೆದವನು ಇವನು, ಮತ್ತು ಇವನ ಹೆಸರಿನ ಅರ್ಥ ದಂಡಾಳು.

ನಿಜವಾಗಿ ಸೇನೆ ನಡೆಸಿದ ಮಧ್ಯಯುಗದ ಹರ್ಮನ್ ಎಂದರೆ ಟ್ಯೂಟಾನಿಕ್ ಎಂಬ ಕ್ರೈಸ್ತ ಧರ್ಮಯೋಧರ ಸಂಘದ ಮಹಾಧಿಪತಿ ಹರ್ಮನ್ ಫಾನ್ ಸಾಲ್ಜಾ. ಅವನ ಖ್ಯಾತಿಯೂ ಕತ್ತಿಗಿಂತ ಹೆಚ್ಚಾಗಿ ಸಂಧಾನದಿಂದ ಬಂದದ್ದು. ಚಕ್ರವರ್ತಿ ಎರಡನೆಯ ಫ್ರೆಡರಿಕ್ ಮತ್ತು ಪೋಪ್ ನಡುವಿನ ವೈರದಲ್ಲಿ ಇಬ್ಬರಿಗೂ ಬೇಕಾದವನಾಗಿ ಹತ್ತಾರು ವರ್ಷ ಓಡಾಡಿದವನು ಇವನು. 1239ರ ಮಾರ್ಚ್ 20ರಂದು ಸಲೆರ್ನೊದಲ್ಲಿ ಅವನು ಸತ್ತನು, ಅದೇ ದಿನ ಪೋಪ್ ಒಂಬತ್ತನೆಯ ಗ್ರೆಗರಿ ಚಕ್ರವರ್ತಿಯನ್ನು ಎರಡನೆಯ ಬಾರಿ ಧರ್ಮಭ್ರಷ್ಟನೆಂದು ಸಾರಿದನು.

ಇನ್ನು 19ನೆಯ ಶತಮಾನಕ್ಕೆ ಬರೋಣ. 18ನೆಯ ಶತಮಾನದ ಕವಿಗಳು ಆರ್ಮಿನಿಯುಸ್ ಕಥೆಯನ್ನು ಮತ್ತೆ ಹಾಡಿದ್ದರಿಂದ, 1797ರಲ್ಲಿ ಗಯಟೆ 'ಹರ್ಮನ್ ಮತ್ತು ಡೊರೊಥೆಯಾ' ಕಾವ್ಯ ಪ್ರಕಟಿಸಿದ್ದರಿಂದ, ನೆಪೋಲಿಯನ್ ಯುದ್ಧಗಳ ಕಾಲದ ದೇಶಾಭಿಮಾನದಿಂದ, ಮಂಕಾಗಿದ್ದ ಈ ಹೆಸರು ಮತ್ತೆ ತೊಟ್ಟಿಲುಗಳಿಗೆ ಬಂದಿತು. ಆ ಪೀಳಿಗೆಯ ಹರ್ಮನ್‌ಗಳಲ್ಲಿ ಭಾರತೀಯರು ಮರೆಯಬಾರದವರು ಹರ್ಮನ್ ಗ್ರಾಸ್‌ಮನ್. 1809ರಲ್ಲಿ ಸ್ಟೆಟ್ಟಿನ್ ಪಟ್ಟಣದಲ್ಲಿ ಹುಟ್ಟಿದ ಅವರು ಜೀವನದ ಬಹುಪಾಲು ಅಲ್ಲಿಯೇ ಶಾಲಾ ಮೇಷ್ಟರಾಗಿ ಕಳೆದರು. 1844ರಲ್ಲಿ ಅವರು ಪ್ರಕಟಿಸಿದ ಗಣಿತಗ್ರಂಥದಲ್ಲಿ, ಇಂದು ಪ್ರತಿ ಎಂಜಿನಿಯರಿಂಗ್ ವಿದ್ಯಾರ್ಥಿ ಕಲಿಯುವ ಸದಿಶ ಅವಕಾಶದ (ವೆಕ್ಟರ್ ಸ್ಪೇಸ್) ಮೂಲಕಲ್ಪನೆಗಳು, ಮೂರಕ್ಕಿಂತ ಹೆಚ್ಚು ಆಯಾಮಗಳ ಜ್ಯಾಮಿತಿಯೊಂದಿಗೆ, ಅದಾಗಲೇ ಇವೆ. ಓದಿದವರಿಲ್ಲ. 1864ರಲ್ಲಿ ಪ್ರಕಾಶಕರು ಮಾರಾಟವಾಗದೆ ಉಳಿದ ಸುಮಾರು 600 ಪ್ರತಿಗಳನ್ನು ರದ್ದಿ ಕಾಗದಕ್ಕೆ ಹಾಕಿದರು. ಅಷ್ಟರಲ್ಲಿ ಗ್ರಾಸ್‌ಮನ್ ಸಂಸ್ಕೃತದ ಕಡೆಗೆ ತಿರುಗಿದ್ದರು. 1873ರಿಂದ 1875ರವರೆಗೆ ಹೊರಬಂದ ಅವರ ಋಗ್ವೇದ ನಿಘಂಟು ಪ್ರತಿಯೊಂದು ಪದವೂ ಯಾವ ಮಂಡಲದ ಯಾವ ಋಕ್ಕಿನಲ್ಲಿ ಯಾವ ವಿಭಕ್ತಿಯಲ್ಲಿ ಬಂದಿದೆ ಎಂದು ಗುರುತಿಸುತ್ತದೆ, ವೇದಾಧ್ಯಯನ ಮಾಡುವವರು ಅದನ್ನು ಇಂದಿಗೂ ಬಳಸುತ್ತಾರೆ.

ಅವರ ಹೆಸರಿನ ಒಂದು ಧ್ವನಿನಿಯಮವೂ ಇದೆ. ಅದನ್ನು ಹತ್ತಿರದಿಂದ ನೋಡುವುದು ಕನ್ನಡಿಗರಿಗೆ ಸುಲಭ. ಸಂಸ್ಕೃತದ 'ಧಾ' ಧಾತು ದ್ವಿತ್ವವಾದಾಗ 'ಧಧಾತಿ' ಎನ್ನದೆ 'ದಧಾತಿ' ಎನ್ನುತ್ತೇವೆ, 'ಭೂ' ಧಾತುವಿನಿಂದ 'ಭಭೂವ' ಬಾರದೆ 'ಬಭೂವ' ಬರುತ್ತದೆ. ಪಾಣಿನಿಗೆ ಇದು ತಿಳಿದಿತ್ತು. ಒಂದೇ ಪದದಲ್ಲಿ ಹತ್ತಿರ ಹತ್ತಿರ ಎರಡು ಮಹಾಪ್ರಾಣಗಳು ಬಂದರೆ ಮೊದಲನೆಯದು ಅಲ್ಪಪ್ರಾಣವಾಗುವ ಈ ಪ್ರವೃತ್ತಿ ಗ್ರೀಕ್ ಭಾಷೆಯಲ್ಲಿಯೂ ಇದೆಯೆಂದು ತೋರಿಸಿ, ಅದರಿಂದ ಅನೇಕ ಧಾತುಗಳ ಮೂಲರೂಪವನ್ನು ಗ್ರಾಸ್‌ಮನ್ 1863ರಲ್ಲಿ ವಿವರಿಸಿದರು. 'ಬುಧ್' ಧಾತುವೂ ಮೂಲದಲ್ಲಿ 'ಭುಧ್' ಆಗಿತ್ತು. ಭವಿಷ್ಯತ್ತಿನ 'ಭೋತ್ಸ್ಯತೇ' ರೂಪದಲ್ಲಿ, ಎರಡನೆಯ ಮಹಾಪ್ರಾಣ ಮರೆಯಾದೊಡನೆ, ಆ ಹಳೆಯ ಭಕಾರ ಮತ್ತೆ ತಲೆಯೆತ್ತುತ್ತದೆ. ಗಣಿತದಲ್ಲಿ ಮನ್ನಣೆ ಸಿಗದ ಮೇಷ್ಟರಿಗೆ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ 1876ರಲ್ಲಿ, ಅವರ ಸಾವಿನ ಹಿಂದಿನ ವರ್ಷ, ಗೌರವ ಡಾಕ್ಟರೇಟ್ ನೀಡಿತು.

ಹರ್ಮನ್ ಯಾಕೋಬಿ (1850–1937) ಇದೇ ಸಾಲಿಗೆ ಸೇರುವವರು. ಜೈನಧರ್ಮವು ಬೌದ್ಧಧರ್ಮದ ಒಂದು ಕವಲು ಎಂದು ಯುರೋಪಿನ ವಿದ್ವಾಂಸರು ಭಾವಿಸಿದ್ದ ಕಾಲದಲ್ಲಿ, 1879ರಲ್ಲಿ ತಾವು ಸಂಪಾದಿಸಿದ ಕಲ್ಪಸೂತ್ರ ಎಂಬ ಜೈನಗ್ರಂಥದ ಪೀಠಿಕೆಯಿಂದ ಮೊದಲುಗೊಂಡು, ಅದು ಸ್ವತಂತ್ರವೂ ಹೆಚ್ಚು ಪ್ರಾಚೀನವೂ ಆದ ಪರಂಪರೆ ಎಂದು ಮೂಲಗ್ರಂಥಗಳ ಬಲದಿಂದ ಸಾಧಿಸಿದರು. ಪಂಪ, ರನ್ನರ ನಾಡಿನವರು ಈ ಹೆಸರನ್ನು ತಿಳಿದಿರಬೇಕು. ಪಾಲಿ ಗ್ರಂಥಗಳ ಆಧಾರದಿಂದ ಬುದ್ಧನ ಜೀವನ ಬರೆದ ಓಲ್ಡೆನ್‌ಬರ್ಗ್ ಕೂಡ ಹರ್ಮನ್‌ರೇ.

ವಿಜ್ಞಾನದಲ್ಲಿ ಹರ್ಮನ್ ಫಾನ್ ಹೆಲ್ಮ್‌ಹೋಲ್ಟ್ಸ್ (1821–1894) ದೊಡ್ಡ ಹೆಸರು. ಶಕ್ತಿಯ ಸಂರಕ್ಷಣೆಯ ತತ್ವವನ್ನು 1847ರಲ್ಲಿ ಗಣಿತರೂಪದಲ್ಲಿ ಮಂಡಿಸಿದ, ಕಣ್ಣಿನ ಒಳಭಾಗವನ್ನು ನೋಡುವ ಉಪಕರಣವನ್ನು 1851ರಲ್ಲಿ ಜಗತ್ತಿಗೆ ಕೊಟ್ಟ, ಕಪ್ಪೆಯ ನರದಲ್ಲಿ ಸಂದೇಶ ಸಾಗುವ ವೇಗವನ್ನು ಅಳೆದ ಈ ವೈದ್ಯ-ಭೌತವಿಜ್ಞಾನಿಯ ನಾದಶಾಸ್ತ್ರದ ಗ್ರಂಥ 1863ರಲ್ಲಿ ಬಂದಿತು. ಸಿ.ವಿ. ರಾಮನ್ ತಮ್ಮ ಮನಸ್ಸನ್ನು ರೂಪಿಸಿದ ಮೂರು ಪುಸ್ತಕಗಳಲ್ಲಿ ಒಂದೆಂದು ಹೇಳಿಕೊಂಡದ್ದು ಇದನ್ನೇ. ವೀಣೆ ಮತ್ತು ಮೃದಂಗದ ನಾದವನ್ನು ಕುರಿತ ರಾಮನ್ ಅವರ ಸಂಶೋಧನೆಗಳು ಈ ಓದಿನ ಫಲ. ಮುಂದಿನ ತಲೆಮಾರಿನಲ್ಲಿ, 1908ರಲ್ಲಿ ದೇಶ-ಕಾಲಗಳನ್ನು ಒಂದೇ ನಾಲ್ಕು ಆಯಾಮದ ಅವಕಾಶವಾಗಿ ಕಾಣಿಸಿದ ಹರ್ಮನ್ ಮಿಂಕೋವ್‌ಸ್ಕಿ ಯಹೂದಿ. ಹರ್ಮನ್ ವೈಲ್ ಯಹೂದಿ ಮೂಲದ ಹೆಂಡತಿಯೊಂದಿಗೆ 1933ರಲ್ಲಿ ಗಟಿಂಗನ್ ಬಿಟ್ಟು ಪ್ರಿನ್ಸ್‌ಟನ್ ಸೇರಿದವರು. ರಾಕೆಟ್ ವಿಜ್ಞಾನದ ಆದ್ಯರಲ್ಲೊಬ್ಬರಾದ ಹರ್ಮನ್ ಓಬೆರ್ತ್ ಹುಟ್ಟಿದ ಊರಿನ ಜರ್ಮನ್ ಹೆಸರೇ ಹರ್ಮನ್‌ಸ್ಟಾಟ್, ಅದು ಈಗ ರೊಮೇನಿಯಾದ ಸಿಬಿಯು.

ಈಗ ನಮ್ಮ ಕರಾವಳಿಗೆ ಬರುತ್ತೇನೆ. ಹರ್ಮನ್ ಮೋಗ್ಲಿಂಗ್ ಹುಟ್ಟಿದ್ದು 1811ರಲ್ಲಿ ಬ್ರಾಕೆನ್‌ಹೈಮ್‌ನಲ್ಲಿ, ಬಾಸೆಲ್ ಮಿಷನ್ನಿನ ಪರವಾಗಿ ಮಂಗಳೂರಿಗೆ ಬಂದದ್ದು 1836ರಲ್ಲಿ. 1843ರ ಜುಲೈ 1ರಂದು ಅವರು ಹೊರತಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಅದರ ಪುಟವನ್ನು ನೋಡಿದರೆ ಅಚ್ಚಿನ ಮೊಳೆಗಳ ಸಮರೂಪತೆ ಕಾಣುವುದಿಲ್ಲ, ಕೈಬರಹದ ಓಟ ಕಾಣುತ್ತದೆ. ಕಾರಣ, ಅದು ಕಲ್ಲಚ್ಚು. ಜಿಡ್ಡಿನ ಮಸಿಯಲ್ಲಿ ಬರೆದದ್ದನ್ನು ನುಣುಪಾದ ಸುಣ್ಣಕಲ್ಲಿನ ಮೇಲೆ ಇಳಿಸಿ, ಕಲ್ಲನ್ನು ನೀರಿನಿಂದ ತೋಯಿಸಿ, ಮೇಲೆ ಮಸಿ ಉರುಳಿಸಿದರೆ ಒದ್ದೆ ಜಾಗ ಮಸಿಯನ್ನು ಬಿಡುತ್ತದೆ, ಜಿಡ್ಡಿನ ಅಕ್ಷರ ಹಿಡಿಯುತ್ತದೆ. ಹೀಗಾಗಿ ಆ ಪತ್ರಿಕೆಯ ಪ್ರತಿ ಅಕ್ಷರದ ಹಿಂದೆ ಒಬ್ಬ ಬರಹಗಾರನ ಕೈಯಿದೆ. 1844ರಲ್ಲಿ ಪತ್ರಿಕೆ ಬಳ್ಳಾರಿಗೆ ಹೋಗಿ 'ಕನ್ನಡ ಸಮಾಚಾರ'ವಾಯಿತು, ಹೆಚ್ಚು ಕಾಲ ಬಾಳಲಿಲ್ಲ.

ನನ್ನ ಅಭಿಪ್ರಾಯದಲ್ಲಿ ಮೋಗ್ಲಿಂಗ್ ಅವರ ದೊಡ್ಡ ಕೆಲಸ ಪತ್ರಿಕೆಯಲ್ಲ. ಕ್ಯಾಸಮೇಜರ್ ಎಂಬ ನಿವೃತ್ತ ಅಧಿಕಾರಿಯ ಧನಸಹಾಯದಿಂದ 1848ರಲ್ಲಿ ಅವರು ಆರಂಭಿಸಿದ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಅಚ್ಚಾದವು. ತಾಳೆಗರಿಯಿಂದ, ಹಾಡುವವರ ಬಾಯಿಂದ ಕಾಗದಕ್ಕೆ ಬಂದ ಈ ಪಠ್ಯಗಳು ವೈದಿಕ, ವೀರಶೈವ, ಹರಿದಾಸ ಪರಂಪರೆಗಳವು. ಮತಪ್ರಚಾರಕ್ಕೆಂದು ಬಂದ ಪಾದ್ರಿಯೊಬ್ಬರು ಇವನ್ನು ಅಕ್ಕರೆಯಿಂದ ಅಚ್ಚಿಗೆ ಸಿದ್ಧಮಾಡಿದ್ದನ್ನು ನಾವು ಪತ್ರಿಕಾ ದಿನದಂದು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತೇವೆ ಎಂಬುದು ನನಗೆ ಬೇಸರದ ಸಂಗತಿ. ಮುಂದೆ ಅವರು ಕೊಡಗಿನಲ್ಲಿ ಕೆಲಸ ಮಾಡಿ ಅಲ್ಲಿನ ಇತಿಹಾಸ ಮತ್ತು ಜನಜೀವನ ಕುರಿತ ಪುಸ್ತಕವನ್ನು 1855ರಲ್ಲಿ ಪ್ರಕಟಿಸಿದರು. ಗ್ರಾಸ್‌ಮನ್‌ಗೆ ಗೌರವ ನೀಡಿದ ಅದೇ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ ಅದಕ್ಕೂ ಮೊದಲೇ, 1858ರಲ್ಲಿ, ಕನ್ನಡ ಸಾಹಿತ್ಯದ ಸೇವೆಗಾಗಿ ಮೋಗ್ಲಿಂಗ್‌ಗೆ ಗೌರವ ಡಾಕ್ಟರೇಟ್ ನೀಡಿತ್ತು.

ಹರ್ಮನ್ ಗುಂಡರ್ಟ್ (1814–1893) ಕೂಡ 1836ರಲ್ಲಿಯೇ ಭಾರತಕ್ಕೆ ಬಂದು, 1839ರಿಂದ ತಲಶ್ಶೇರಿಯ ಇಲ್ಲಿಕುನ್ನಿನಲ್ಲಿ ನೆಲೆಸಿದರು. ಮೋಗ್ಲಿಂಗ್ ಕನ್ನಡಕ್ಕೆ ಮಾಡಿದ್ದನ್ನು ಅವರು ಮಲಯಾಳಂಗೆ ಮಾಡಿದರು. 1847ರ 'ರಾಜ್ಯಸಮಾಚಾರಂ' ಆ ಭಾಷೆಯ ಮೊದಲ ಪತ್ರಿಕೆ, 1872ರ ಮಲಯಾಳಂ-ಇಂಗ್ಲಿಷ್ ನಿಘಂಟು ಅವರ ಮೇರುಕೃತಿ. 1857ರಲ್ಲಿ ಮಲಬಾರ್ ಮತ್ತು ಕೆನರಾ ಜಿಲ್ಲೆಗಳ ಶಾಲಾ ಇನ್‌ಸ್ಪೆಕ್ಟರ್ ಆಗಿ ನೇಮಕಗೊಂಡಾಗ ನಮ್ಮ ಕರಾವಳಿಯ ಶಾಲೆಗಳೂ ಅವರ ವ್ಯಾಪ್ತಿಗೆ ಬಂದವು. ಆರೋಗ್ಯ ಕೆಟ್ಟು 1859ರಲ್ಲಿ ಜರ್ಮನಿಗೆ ಮರಳಿದ ಅವರು ಕಾಲ್ವ್ ಪಟ್ಟಣದ ಕ್ರೈಸ್ತ ಪ್ರಕಾಶನ ಸಂಸ್ಥೆಯ ಹೊಣೆ ಹೊತ್ತರು. ನಿಘಂಟು ಪೂರ್ತಿಯಾದದ್ದು ಅಲ್ಲಿಯೇ, ತಲಶ್ಶೇರಿಯಿಂದ ಸಾವಿರಾರು ಮೈಲಿ ದೂರದಲ್ಲಿ.

ತಲಶ್ಶೇರಿಯಲ್ಲಿ 1842ರಲ್ಲಿ ಹುಟ್ಟಿದ ಅವರ ಮಗಳು ಮಾರಿ ಮರುಮದುವೆಯಾದದ್ದು ಯೊಹಾನೆಸ್ ಹೆಸ್ಸೆಯವರನ್ನು. ಅವರೂ ಬಾಸೆಲ್ ಮಿಷನ್ನಿನಿಂದ ನಮ್ಮ ಕರಾವಳಿಗೆ ಬಂದು ಕೆಲವು ವರ್ಷ ದುಡಿದು, ಆರೋಗ್ಯ ಕೆಟ್ಟು ಹಿಂದಿರುಗಿದವರು. ಈ ದಂಪತಿಗೆ 1877ರ ಜುಲೈ 2ರಂದು ಕಾಲ್ವ್‌ನಲ್ಲಿ ಹುಟ್ಟಿದ ಮಗನೇ ಕಾದಂಬರಿಕಾರ. ಆರಂಭದಲ್ಲಿ ನಾನು ಅಜ್ಜನ ಹೆಸರೆಂದೆ. ಸರಿಯಾಗಿ ಹೇಳಬೇಕೆಂದರೆ ಇಬ್ಬರು ಅಜ್ಜಂದಿರ ಹೆಸರು, ಏಕೆಂದರೆ ಎಸ್ಟೋನಿಯಾದಲ್ಲಿ ವೈದ್ಯರಾಗಿದ್ದ ತಂದೆಯ ತಂದೆಯೂ ಕಾರ್ಲ್ ಹರ್ಮನ್ ಹೆಸ್ಸೆ. ಗುಂಡರ್ಟ್ ಓದಿದ ಮೌಲ್‌ಬ್ರೊನ್ ಗುರುಕುಲಕ್ಕೇ ಮೊಮ್ಮಗನನ್ನೂ 1891ರಲ್ಲಿ ಸೇರಿಸಿದರು, ಹುಡುಗ ಮರುವರ್ಷ ಮಾರ್ಚ್‌ನಲ್ಲಿ ಅಲ್ಲಿಂದ ಓಡಿಹೋದನು. ಅಜ್ಜನ ಭಾರತವನ್ನು ಕಾಣಬೇಕೆಂದು 1911ರಲ್ಲಿ ಹಡಗು ಹತ್ತಿದ ಹೆಸ್ಸೆ ಸಿಂಹಳ ಮತ್ತು ಸುಮಾತ್ರಾ ನೋಡಿದರು, ಆದರೆ ಮಂಗಳೂರಾಗಲಿ ತಲಶ್ಶೇರಿಯಾಗಲಿ ನೋಡದೆಯೇ ಮರಳಿದರು. 'ಸಿದ್ಧಾರ್ಥ' ಬಂದದ್ದು 1922ರಲ್ಲಿ.

ಮೋಗ್ಲಿಂಗ್ 1881ರ ಮೇ 10ರಂದು ಎಸ್ಲಿಂಗನ್‌ನಲ್ಲಿ ತೀರಿಕೊಂಡರು. ಅವರ ಬಗ್ಗೆ ಇನ್ನಷ್ಟು ಓದಬೇಕೆಂದು ನಿಮಗೆ ಅನಿಸಿದರೆ, ಮತ್ತು ಜರ್ಮನ್ ಬಲ್ಲವರ ನೆರವು ದೊರೆತರೆ, ಮರುವರ್ಷವೇ ಪ್ರಕಟವಾದ ಅವರ ಜೀವನಚರಿತ್ರೆಯನ್ನು ಹುಡುಕಿ. ಅದನ್ನು ಬರೆದವರು ಹರ್ಮನ್ ಗುಂಡರ್ಟ್.